ಏಣಿ ಕಾಣದ ಜಾಗ

ನಾನು ನಿಂತಿದ್ದದ್ದು ದೋಣಿಯ ಬಲಬದಿಯಲ್ಲಿ, ಮುಂದಿನಿಂದ ಎಣಿಸಿದರೆ ಎರಡನೆಯ ಕಂಬದ ಪಕ್ಕ. ನೆರಳಿಗೆಂದು ಕಟ್ಟಿದ್ದ ಬಿಳಿ ಬಟ್ಟೆಯನ್ನು ನಾಲ್ಕು ಕಬ್ಬಿಣದ ಕಂಬಗಳು ಹೊತ್ತಿದ್ದವು. ಎಡಗೈಯಲ್ಲಿ ಕಂಬ ಹಿಡಿದಿದ್ದೆ, ಬಲಗೈಯಲ್ಲಿ ಕಲ್ಲಂಗಡಿ ಹಣ್ಣಿನ ಹೋಳಿತ್ತು. 2022ರ ಸೆಪ್ಟೆಂಬರ್ ತಿಂಗಳ ಒಂದು ಬುಧವಾರ, ಗ್ರೀಸಿನ ಪಶ್ಚಿಮ ಕರಾವಳಿ, ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಹಣ್ಣು ಕಚ್ಚುವ ಮೊದಲು ಕಾಲೇಜಿನಲ್ಲಿರುವ ಮಗಳಿಗೆ ಕಳಿಸೋಣವೆಂದು ಅದರ ಫೋಟೊ ತೆಗೆದಿದ್ದೆ. ಫೋನು ಸಮಯವನ್ನು ಬರೆದುಕೊಂಡಿದೆ.

ನೀರಿಗಿಳಿಯುವ ಏಣಿ ದೋಣಿಯ ಹಿಂಭಾಗದಲ್ಲಿತ್ತು. ನನಗೂ ಅದಕ್ಕೂ ನಡುವೆ ಹಗ್ಗದ ಮೇಲೆ ಒದ್ದೆ ಟವೆಲುಗಳು ಸಾಲಾಗಿ ನೇತಾಡುತ್ತಿದ್ದವು. ಕಡಲು ಕಾಣುತ್ತಿತ್ತು, ಏಣಿ ಕಾಣುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ.

ದೋಣಿಯಲ್ಲಿ ಪ್ರಯಾಣಿಕರು ಹನ್ನೊಂದು ಜನ. ಐದು ಜನ ಇಂಗ್ಲೆಂಡಿನ ಹುಡುಗ ಹುಡುಗಿಯರು. ಹಾಲೆಂಡಿನ ಒಬ್ಬ ವೃದ್ಧರು ಮತ್ತು ಅವರ ಹೆಂಡತಿ. ಉಳಿದ ನಾಲ್ವರು ನಾವು. ನಾವು ಎಂದರೆ ನಾನು, ನನ್ನ ಹೆಂಡತಿ, ನನ್ನ ಗೆಳೆಯ, ಅವನ ಹೆಂಡತಿ. ದೋಣಿ ನಡೆಸುವವನು ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಅವನ ತಂಗಿ ಹಣ್ಣು ಕೊಯ್ದು ಕೊಡುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಹೊರಟು, ಮೂರು ಕೊಲ್ಲಿಗಳಲ್ಲಿ ನಿಲ್ಲಿಸಿ, ಈಜುವವರಿಗೆ ಈಜಲು ಬಿಟ್ಟು, ಸಂಜೆ ಆರಕ್ಕೆ ದಡ ಮುಟ್ಟಿಸುವುದು ಆ ಪ್ರವಾಸದ ಕ್ರಮ.

ಗೆಳೆಯನೂ ನಾನೂ ಮೈಸೂರಿನಲ್ಲಿ ಜೊತೆಗೆ ಇಂಜಿನಿಯರಿಂಗ್ ಓದಿದವರು. ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ಇಪ್ಪತ್ತು ವರ್ಷಗಳಿಂದ ಒಂದೇ ಸಬ್‌ಡಿವಿಷನ್ನಿನಲ್ಲಿ, ಎಂದರೆ ಒಂದೇ ಬಡಾವಣೆಯಲ್ಲಿ, ಇದ್ದೇವೆ. ಇಬ್ಬರ ಹೆಂಡತಿಯರೂ ಹಾಸನದ ಕಡೆಯವರು. ಅವನ ಹೆಂಡತಿ ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಾಳೆ, ಆ ಲೆಕ್ಕದಲ್ಲಿ ನಾನು ಭಾವ. ಸಂಬಂಧ ಏನೂ ಇಲ್ಲ, ಆದರೆ ಕರೆದು ಕರೆದು ಇಲ್ಲದ ಸಂಬಂಧ ಬಂದುಬಿಟ್ಟಿದೆ.

ಈ ಪ್ರವಾಸ ಅವಳ ಆಸೆ. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ಸಾಕಾಗಿ, ಈಜುಕೊಳಗಳು ಮತ್ತೆ ತೆರೆದ ವಾರವೇ ದೊಡ್ಡವರ ಈಜು ಕ್ಲಾಸಿಗೆ ಸೇರಿದ್ದಳು. ಆಗ ಅವಳಿಗೆ ನಲವತ್ತಾರು. ಶನಿವಾರ ಬೆಳಿಗ್ಗೆ ಆರಕ್ಕೆ ಕಾರು ಹೊರಡುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೆಳೆಯನಿಗೆ ನೀರೆಂದರೆ ಆಗದು. ದೋಣಿ ಹತ್ತಿದ ಕಾಲು ಗಂಟೆಯಲ್ಲೇ ಅವನಿಗೆ ತಲೆ ಸುತ್ತು ಬಂದಿತ್ತು. ಬೆಂಚಿನ ಮೇಲೆ ಮೊಣಕಾಲಿಗೆ ಮೊಣಕೈ ಊರಿ ಕೂತುಬಿಟ್ಟಿದ್ದ.

ಅವರಿಬ್ಬರ ನಡುವೆ ಆಗ ಮಾತಿರಲಿಲ್ಲ. ಅವಳಿಗೆ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ವರ್ಷಗಟ್ಟಲೆ ಓದಿ, ಪರೀಕ್ಷೆಗಳನ್ನು ಬರೆದು ಪಡೆದ ಮೊದಲ ಪೂರ್ಣಾವಧಿ ಕೆಲಸ. ಅವನು ಕ್ಯಾರಿ ಬಿಟ್ಟು ಎಲ್ಲಿಗೂ ಬರಲ್ಲ ಎಂದಿದ್ದ. ಮೂರು ದಿನದಿಂದ ಇಬ್ಬರೂ ನಮ್ಮ ಮೂಲಕವೇ ಮಾತಾಡುತ್ತಿದ್ದರು. "ಅಕ್ಕ, ಅವರಿಗೆ ಸಾಲ್ಟ್ ಬೇಕಾ ಕೇಳಿ," ಎಂದು ಅವಳು. "ಬೇಡ ಅಂತ ಹೇಳ್ರಿ, ನಂಗೆ ಬಿಪಿ ಇದೆ ಅಂತ ಅವ್ರಿಗೆ ಮರ್ತೋಗಿರ್ಬೇಕು," ಎಂದು ಅವನು. ಒಂದೇ ಮೇಜಿನಲ್ಲಿ, ಎದುರುಬದುರು ಕೂತು.

ಮೊದಲನೆಯ ಕೊಲ್ಲಿಯಲ್ಲಿ ಎಲ್ಲರೂ ಹತ್ತಿ ಬಂದ ಮೇಲೂ ಅವಳು ನೀರಿನಲ್ಲೇ ಇದ್ದಳು.

"ಸಾಕು ಬಾರೇ ಮಾರಾಯ್ತಿ, ಮೈಯೆಲ್ಲಾ ಸುಕ್ಕಾಗುತ್ತೆ," ಎಂದು ನನ್ನ ಹೆಂಡತಿ ಕೂಗಿದಳು.

"ಇನ್ನೊಂದೇ ರೌಂಡ್ ಅಕ್ಕ!"

ಗೆಳೆಯ ತಲೆ ಎತ್ತಲಿಲ್ಲ. "ಅವಳನ್ನ ಇಲ್ಲೇ ಬಿಡಿ. ವರ್ಜೀನಿಯಾಗಿಂತ ಇದೇ ವಾಸಿ," ಎಂದ. ಆಮೇಲೆ ದೋಣಿಯವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಲೀವ್ ಹರ್, ಲೀವ್ ಹರ್. ಶೀ ಲೈಕ್ಸ್ ಗ್ರೀಸ್," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಏಣಿ ಹತ್ತುತ್ತಾ, ಮೂರು ದಿನದಲ್ಲಿ ಮೊದಲ ಸಲ ನೇರವಾಗಿ ಅವನಿಗೇ ಹೇಳಿದಳು: "ಬಿಟ್ಟು ಹೋಗಿ ನೋಡೋಣ. ನಿಮ್ಮ ಮಾತ್ರೆ ಯಾವ ಬ್ಯಾಗಲ್ಲಿದೆ ಅಂತ ನಂಗೊಬ್ಳಿಗೇ ಗೊತ್ತಿರೋದು." ದೋಣಿಯವನು ಬೆರಳು ಮಾಡಿ ನಮ್ಮನ್ನೆಲ್ಲ ಎಣಿಸಿದ. ಹನ್ನೊಂದು. ಹೊರಟೆವು.

ಎರಡನೆಯ ಕೊಲ್ಲಿ ಕಿರಿದು. ಎದುರಿಗೆ ಕಡಿದಾದ ಬಂಡೆ, ಬಂಡೆಯ ಬುಡದಲ್ಲಿ ಒಂದು ಗವಿ, ಮೇಲೆ ಇಳಿಜಾರಿನಲ್ಲಿ ಆಡುಗಳು. ದೋಣಿಯವನ ತಂಗಿ ಈಜುವವರಿಗೆ ತೇಲಲು ಹಳದಿ ಸ್ಪಂಜಿನ ಉದ್ದನೆಯ ಕೊಳವೆಗಳನ್ನು ಕೊಟ್ಟಳು. ಗೆಳೆಯನ ಹೆಂಡತಿ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಗವಿಯ ಕಡೆ ಹೋದಳು. ನಾನು ಹತ್ತು ನಿಮಿಷ ಏಣಿಯ ಸುತ್ತಮುತ್ತಲೇ ಕೈಕಾಲು ಬಡಿದು ಮೇಲೆ ಬಂದೆ. ಹಾಲೆಂಡಿನ ವೃದ್ಧರು ನನ್ನ ಪಕ್ಕದ ಬೆಂಚಿನಲ್ಲಿ ಕೂತು ಸಣ್ಣ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು.

ಗಾಳಿ ಎದ್ದಿತು. ದೋಣಿಯವನು ಆಕಾಶ ನೋಡಿ ಮೂರು ಸಲ ಹಾರ್ನ್ ಒತ್ತಿದ. ಇಂಗ್ಲೆಂಡಿನ ಹುಡುಗರು ಒಬ್ಬೊಬ್ಬರಾಗಿ ಹತ್ತಿದರು. ನನ್ನ ಹೆಂಡತಿ, "ಬಾರೇ ಬೇಗ!" ಎಂದು ಕೂಗಿದಳು. ನೀರಿನಿಂದ ಅವಳ ದನಿ ಬಂತು: "ಬಂದೆ, ಬಂದೆ!" ನಾನು ನೋಡಿದೆ. ದೋಣಿಯಿಂದ ಸುಮಾರು ಇಪ್ಪತ್ತು ಮೀಟರ್ ದೂರದಲ್ಲಿ, ದೋಣಿಯ ಕಡೆಗೆ ಮುಖ ಮಾಡಿ ಈಜುತ್ತಿದ್ದಳು. ಇಷ್ಟು ನೋಡಿ ಹಣ್ಣಿನ ತಟ್ಟೆಯ ಕಡೆ ತಿರುಗಿದೆ. ಫೋಟೊ ತೆಗೆದೆ.

ಈ ಸಲ ದೋಣಿಯವನು ಎಣಿಸಲಿಲ್ಲ. ಚುಕ್ಕಾಣಿಯ ಬಳಿಯಿಂದಲೇ, "ಆಲ್ ಕಮ್?" ಎಂದು ಕೇಳಿದ. ಹುಡುಗರು ಕೈ ಎತ್ತಿದರು, ವೃದ್ಧರ ಹೆಂಡತಿ ತಲೆ ಆಡಿಸಿದರು. ನಮ್ಮ ಕಡೆ ನೋಡಿ ಗೆಳೆಯನನ್ನು, "ಯುವರ್ ಲೇಡಿ?" ಎಂದ. ಗೆಳೆಯ ನನ್ನ ಕಡೆ ಸ್ವಲ್ಪ ತಿರುಗಿ, ಮತ್ತೆ ಮುಂದಕ್ಕೆ ತಿರುಗಿ, "ಯೆಸ್ ಯೆಸ್. ಶೀ ಕೇಮ್," ಎಂದ. ಎಂಜಿನ್ ಶುರುವಾಯಿತು.

ಬಂಡೆಯ ಮೂಗನ್ನು ಸುತ್ತಿ ಮೂರನೆಯ ಕೊಲ್ಲಿಯ ದಾರಿ ಹಿಡಿದ ಮೇಲೆ, ನಾಲ್ಕೂವರೆ ಹೊತ್ತಿಗೆ, ನನ್ನ ಹೆಂಡತಿ ಒಣಗಿದ ಟವೆಲ್ ಹಿಡಿದು ದೋಣಿಯ ಮುಂದಿಂದ ಹಿಂದಕ್ಕೆ, ಹಿಂದಿಂದ ಮುಂದಕ್ಕೆ ನಡೆದಳು. ಆಮೇಲೆ ಟಾಯ್ಲೆಟ್ಟಿನ ಬಾಗಿಲು ತಟ್ಟಿದಳು. ಆಮೇಲೆ ನನ್ನ ಮುಂದೆ ನಿಂತು, "ಅವಳೆಲ್ರೀ?" ಎಂದಳು.

ಅಲ್ಲಿಂದ ಮುಂದಿನದನ್ನು ಹೆಚ್ಚು ಬರೆಯಲಾರೆ. ಗೆಳೆಯ ಎದ್ದು ನಿಂತದ್ದು, ಹಿಂದಕ್ಕೆ ಕೈ ತೋರಿಸಿದ್ದು, ದೋಣಿ ತಿರುಗುವಾಗ ಹಣ್ಣಿನ ತಟ್ಟೆ ಜಾರಿ ಬಿದ್ದದ್ದು ಕಂಡಿದ್ದೇನೆ. ಐದಕ್ಕೆ ಇನ್ನೂ ಸ್ವಲ್ಪ ಇರುವಾಗ ಆ ಕೊಲ್ಲಿಗೆ ಮರಳಿದೆವು. ನೀರಿನಲ್ಲಿ ಯಾರೂ ಇರಲಿಲ್ಲ. ವೃದ್ಧರು ಮೊದಲು ಕಂಡು ಬೆರಳು ತೋರಿಸಿದರು. ಅವಳು ಗವಿಯ ಬಾಯಿಯಲ್ಲಿ ಒಂದು ಬಂಡೆಯ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಹಳದಿ ಕೊಳವೆ ತೊಡೆಯ ಮೇಲಿತ್ತು. ಬಂಡೆ ಹತ್ತುವಾಗ ಕಡಲಿನ ಮುಳ್ಳುಚೆಂಡಿನಂಥ ಪ್ರಾಣಿಯನ್ನು ತುಳಿದು ಎರಡೂ ಪಾದಗಳಲ್ಲಿ ಕರಿ ಮುಳ್ಳುಗಳು ಮುರಿದುಕೊಂಡಿದ್ದವು.

ಆಗಿದ್ದು ಇಷ್ಟು. ದೋಣಿಯ ಕಡೆ ಬರುತ್ತಿದ್ದವಳ ಕಂಕುಳಿನಿಂದ ಕೊಳವೆ ಜಾರಿ ಗಾಳಿಗೆ ಹಿಂದಕ್ಕೆ ಓಡಿತು. ಅವಳು ಅದನ್ನು ಹಿಡಿಯಲು ತಿರುಗಿದಳು. "ಬೋಟಿನೋರ್ದು ಅದು, ಬಿಟ್ಟು ಬರೋಕಾಗುತ್ತಾ?" ಎಂದು ಆಮೇಲೆ ನನ್ನ ಹೆಂಡತಿಗೆ ಹೇಳಿದಳಂತೆ. ಹಿಡಿದು ತಿರುಗುವಷ್ಟರಲ್ಲಿ ದೋಣಿಯ ಹಿಂಭಾಗ ಕಂಡಿತು. ಕೂಗಿದಳು. ಎಂಜಿನ್ನಿನ ಸದ್ದು, ಗಾಳಿ; ಯಾರಿಗೂ ಕೇಳಿಸಲಿಲ್ಲ.

ಅವಳು ಅಳಲಿಲ್ಲ. ಏಣಿ ಹತ್ತಿ ಬಂದು, ಗಂಡ ಹೊದಿಸಲು ಬಂದ ಟವೆಲನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ದೋಣಿಯವನನ್ನು ಇಂಗ್ಲಿಷಿನಲ್ಲಿ ಕೇಳಿದಳು: ನಾನು ಬಂದೆ ಅಂತ ನಿನಗೆ ಹೇಳಿದವರು ಯಾರು? ಅವನು ಗೆಳೆಯನ ಕಡೆ ಕೈ ತೋರಿಸಿದ. "ಮಿಸ್ಟರ್. ಹೀ ಸೇ, ಶೀ ಕೇಮ್."

ಗೆಳೆಯ ನನ್ನ ಕಡೆ ತಿರುಗಿದ. ನನ್ನ ಮುಖ ನೋಡಿದ. ಸಿಕ್ಕಿಬಿದ್ದವನು ನೋಡುವ ಹಾಗೆ ನೋಡಿದ ಎಂದು ಆಗ ನನಗೆ ಅನ್ನಿಸಿತು. ನಾನು ಆಡುಗಳ ಕಡೆ ಕಣ್ಣು ತಿರುಗಿಸಿದೆ.

ನನ್ನ ಕೆಲಸ ತಪ್ಪು ಹುಡುಕುವುದು. ಬೇರೆಯವರು ಬರೆದ ಸಾಫ್ಟ್‌ವೇರನ್ನು ನಡೆಸಿ ನೋಡಿ, ಎಲ್ಲಿ ಕೆಟ್ಟಿತು, ಅದಕ್ಕೆ ಮೊದಲು ಏನಾಗಿತ್ತು, ಏನಾಗಬೇಕಿತ್ತು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದು ಕೊಡುವವನು. ಕ್ಯಾರಿಗೆ ಮರಳಿದ ಮೇಲೆ ಅದೇ ಅಭ್ಯಾಸದಿಂದ ಆ ಮಧ್ಯಾಹ್ನವನ್ನೂ ಬರೆದಿಟ್ಟೆ. ಮೂರು ದಿನದ ಮೌನ. ವರ್ಜೀನಿಯಾದ ಕೆಲಸ. "ಲೀವ್ ಹರ್" ಎಂಬ ಮಾತು. "ಶೀ ಕೇಮ್" ಎನ್ನುವ ಮೊದಲು ಯಾರಾದರೂ ನೋಡುತ್ತಿದ್ದಾರೆಯೇ ಎಂದು ನನ್ನ ಕಡೆ ತಿರುಗಿದ್ದು. ನನ್ನನ್ನು ಕೇಳಿದವರಿಗೆಲ್ಲ ಇದೇ ಕ್ರಮದಲ್ಲಿ ಹೇಳಿದೆ. ಕೇಳದವರೂ ಇದ್ದರು, ಅವರಿಗೂ ಹೇಳಿದೆ. ಕಡೆಯಲ್ಲಿ, "ನಾನೇನೂ ತೀರ್ಮಾನ ಮಾಡ್ತಿಲ್ಲಪ್ಪ, ನೋಡಿದ್ದು ಹೇಳ್ದೆ ಅಷ್ಟೆ," ಎಂದು ಸೇರಿಸುತ್ತಿದ್ದೆ. ಹಾಗೆ ಸೇರಿಸಿದರೆ ಕೇಳುವವರ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎನ್ನಲಾರೆ.

ಮುಂದಿನ ಯುಗಾದಿಗೆ ಕ್ಯಾರಿಯ ಕನ್ನಡದವರೆಲ್ಲ ಅಡುಗೆ ತಂದು ಸೇರಿದ್ದ ಪಾಟ್‌ಲಕ್ಕಿನಲ್ಲಿ ಒಬ್ಬ ಪುಳಿಯೋಗರೆ ಬಡಿಸಿಕೊಳ್ಳುತ್ತಾ ಗೆಳೆಯನಿಗೆ, "ಏನ್ ಗುರೂ, ನೆಕ್ಸ್ಟ್ ಟ್ರಿಪ್ ಎಲ್ಲಿಗೆ? ಈ ಸಲ ಎಲ್ಲರನ್ನೂ ವಾಪಸ್ ಕರ್ಕೊಂಡ್ ಬರೋ ಪ್ಲಾನ್ ಇದ್ಯಾ?" ಎಂದ. ಸಾಲಿನಲ್ಲಿದ್ದ ನಾಲ್ಕೈದು ಜನ ನಕ್ಕರು. ಗೆಳೆಯ ತಟ್ಟೆ ಕೆಳಗಿಟ್ಟು ಹೊರಟುಹೋದ. ಆ ಹೊತ್ತಿಗೆ ಅವನ ಹೆಂಡತಿ ವರ್ಜೀನಿಯಾದ ಸೆಂಟರ್‌ವಿಲ್ಲಿನಲ್ಲಿ, ಒಂದು ಕನ್ನಡ ಕುಟುಂಬದ ಬೇಸ್‌ಮೆಂಟ್ ಬಾಡಿಗೆಗೆ ಹಿಡಿದು ಎರಡು ತಿಂಗಳಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬರುತ್ತಿದ್ದ ಗೆಳೆಯ ಬರುವುದನ್ನು ನಿಲ್ಲಿಸಿದ. ನನ್ನ ಬರಹಕ್ಕೆ ಅದನ್ನೂ ಸೇರಿಸಿದೆ: ಮುಖ ತಪ್ಪಿಸುತ್ತಿದ್ದಾನೆ.

2024ರ ಏಪ್ರಿಲಿನಲ್ಲಿ ಅವಳ ಫೋನು ಬಂತು. "ಭಾವ, ಲಾಯರ್ ಪೇಪರ್ಸ್ ಕಳಿಸಿದಾರೆ. ಸೈನ್ ಮಾಡೋದೊಂದೇ ಬಾಕಿ. ಮಾಡೋಕ್ ಮುಂಚೆ ಆವತ್ತು ಏನಾಯ್ತು ಅಂತ ನಿಮ್ಮ ಬಾಯಿಂದ ಒಂದ್ಸಲ ಕೇಳ್ಬೇಕು. ಫೋನಲ್ಲಿ ಬೇಡ. ಅಕ್ಕನ್ನೂ ಕರ್ಕೊಂಡ್ ಬನ್ನಿ."

"ಅವನು ಏನಂತಾನೆ?"

"ಅವರೇನೂ ಅನ್ನಲ್ಲ. ಅದೇ ತೊಂದ್ರೆ. ಒಂದೂವರೆ ವರ್ಷದಿಂದ ಕೇಳ್ತಿದೀನಿ. 'ನಂದೇ ತಪ್ಪು' ಅಂತಾರೆ, ಅಷ್ಟೆ. ಎಂಥಾ ತಪ್ಪು ಅಂತ ಹೇಳಲ್ಲ."

ಶನಿವಾರ ಬೆಳಿಗ್ಗೆ ಎಂಟಕ್ಕೆ ಕ್ಯಾರಿ ಬಿಟ್ಟೆವು. ಕಾರಿನಲ್ಲಿ ಯಾವಾಗಲೂ ಹಾಡು ಹಾಕುವ ನನ್ನ ಹೆಂಡತಿ ಆವತ್ತು ಹಾಕಲಿಲ್ಲ. ರಿಚ್ಮಂಡ್ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಅವಳು ಥರ್ಮಾಸಿನಿಂದ ಕಾಫಿ ಬಗ್ಗಿಸಿ ಕೊಟ್ಟು, ಎದುರಿಗಿದ್ದ ಟ್ರಕ್ಕುಗಳನ್ನು ನೋಡುತ್ತಾ ಕೇಳಿದಳು:

"ಅವಳಿಗೆ ಎಲ್ಲಾ ಹೇಳ್ತೀರಾ?"

"ಎಲ್ಲಾ ಅಂದ್ರೆ? ನೋಡಿದ್ದು ಹೇಳ್ತೀನಿ."

"ನೀವು ಅಂದಿದ್ದೂ?"

"ನಾನೇನಂದೆ?"

ಅವಳು ಥರ್ಮಾಸಿನ ಮುಚ್ಚಳ ತಿರುಗಿಸಿ ಮುಗಿಸಿದಳು. "ಅವರು ಟವೆಲ್ ಒಳಗಿಂದ 'ಬಂದ್ಲೇನೋ' ಅಂತ ನಿಮ್ಮನ್ನ ಕೇಳಿದ್ರು. ನೀವು 'ಬಂದ್ಲು ಬಂದ್ಲು' ಅಂದ್ರಿ. ಅದಾದ್ಮೇಲೇ ಅವರು ಬೋಟಿನವನಿಗೆ ಹೇಳಿದ್ದು."

"ನಾನಾ?"

"ನೀವೇ. ಬಾಯ್ತುಂಬಾ ಕಲ್ಲಂಗಡಿ ಇತ್ತು."

ಇಲ್ಲ ಎಂದೆ. ಜೋರಾಗಿಯೇ ಎಂದೆ. ಅವಳು ಎಲ್ಲಿ ನಿಂತಿದ್ದಳು, ಎಷ್ಟು ದೂರ, ಎಂಜಿನ್ ಶುರುವಾಗಿತ್ತೇ ಇಲ್ಲವೇ ಎಂದು ಸಾಕ್ಷಿಯನ್ನು ಕೇಳುವ ಹಾಗೆ ಕೇಳಿದೆ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು: ಎದುರು ಬೆಂಚಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದೆ, ಮೂರು ಮಾರು ದೂರ, ಎಂಜಿನ್ ಶುರುವಾಗಿರಲಿಲ್ಲ. ನಾನೂ ಹಾಗೇ ಅಂದುಕೊಂಡೆ, ಬಂದ್ಲು ಅಂತ, ಎಂದಳು.

"ಹಾಗಿದ್ರೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?" ಇವಳು ಈ ಮಾತನ್ನು ಇಷ್ಟು ಕಾಲ ಯಾವ ಉದ್ದೇಶಕ್ಕೆ ಇಟ್ಟುಕೊಂಡಿದ್ದಳು ಎಂಬ ಯೋಚನೆ ಬಂದದ್ದು ನಿಜ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯ ಬಗ್ಗೆ.

"ನಿಮಗೆ ನೆನಪಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದಳು. "ನೆನಪಿದ್ದೂ ಬಿಟ್ಟು ಹೇಳ್ತಿದೀರಾ ಅಂದ್ಕೊಂಡಿದ್ದೆ. ಒಂದೊಂದ್ ಮನೇಲಿ ನೀವು ಹೇಳುವಾಗ್ಲೂ ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ಕಾಯ್ತಿದ್ದೆ."

ಅಂದರೆ ನಾನು ಅವನನ್ನು ಅನುಮಾನಿಸುತ್ತಿದ್ದ ಅಷ್ಟೂ ಕಾಲ ಇವಳು ನನ್ನನ್ನು ಅನುಮಾನಿಸುತ್ತಿದ್ದಳು. ಅದೇ ಅಡುಗೆಮನೆಯಲ್ಲಿ, ಅದೇ ಕಾರಿನಲ್ಲಿ.

ಫೋನು ತೆಗೆದು ಆ ಫೋಟೊ ಹುಡುಕಿದೆ. ಹಣ್ಣನ್ನು ಬಿಟ್ಟು ಬೇರೇನನ್ನೂ ನಾನು ಅದರಲ್ಲಿ ನೋಡಿಯೇ ಇರಲಿಲ್ಲ. ದೊಡ್ಡದು ಮಾಡಿ ನೋಡಿದೆ. ಹೋಳಿನ ಹಿಂದೆ ಗೆಳೆಯನ ಬೆನ್ನು. ತಲೆಯ ಮೇಲಿಂದ ಕುತ್ತಿಗೆಯವರೆಗೆ ನೀಲಿ ಟವೆಲ್. ಮುಖ ದೋಣಿಯ ಮುಂಭಾಗದ ಕಡೆ, ನೆಲ ನೋಡುತ್ತಾ. ಅವನಿಗೆ ಕಡಲಾಗಲಿ ಏಣಿಯಾಗಲಿ ಕಾಣುವ ಹಾಗೇ ಇರಲಿಲ್ಲ. ಟವೆಲನ್ನು ನಾನು ಎಷ್ಟೋ ಮನೆಗಳಲ್ಲಿ ಹೇಳಿದ ಕತೆಯಿಂದ ಬಿಟ್ಟಿದ್ದೆ. ಬೇಕೆಂದು ಬಿಟ್ಟೆನೇ? ಈಗಲೂ ಪ್ರಮಾಣ ಮಾಡಿ ಹೇಳಲಾರೆ.

ಉಳಿದ ದಾರಿಯಲ್ಲಿ ಆ ಮಾತನ್ನು ಬಾಯೊಳಗೇ ಹೇಳಿ ನೋಡಿದೆ. ಬಂದ್ಲು. ನಮ್ಮ ಕಡೆ ಅದು ಸಾಮಾನ್ಯವಾದ ಮಾತು. ಒಳಗಿನಿಂದ "ಬಂದೆ" ಎಂದು ಕೂಗಿದವರು ಒಗ್ಗರಣೆ ಮುಗಿಸಿ, ಒಲೆ ಆರಿಸಿ, ಕೈ ಒರೆಸಿಕೊಂಡು ಬರುತ್ತಾರೆ. ಬಸ್ಸು ದೂರದ ತಿರುವಿನಲ್ಲಿ ಕಂಡರೆ "ಬಂತು, ಬಂತು" ಎನ್ನುತ್ತೇವೆ. ಬಂದಾಗಿಲ್ಲ, ಆದರೆ ಬಂದ ಹಾಗೆಯೇ ಲೆಕ್ಕ. ನಾನು ಅವಳು ಬರುತ್ತಿರುವುದನ್ನು ನೋಡಿ "ಬಂದ್ಲು" ಎಂದಿದ್ದೆ. ಅದನ್ನು ಅವನು ಇಂಗ್ಲಿಷಿಗೆ ಹಾಕಿದ. ಇಂಗ್ಲಿಷಿನಲ್ಲಿ ಬಂದವರು ಬಂದವರೇ. ದೋಣಿಯವನು ಎಂಜಿನ್ ಶುರು ಮಾಡಿದ.

ಸೆಂಟರ್‌ವಿಲ್ಲಿನ ಆ ಮನೆಯ ಹಿಂಬದಿಯಲ್ಲಿ ಬೇಸ್‌ಮೆಂಟಿಗೆ ಬೇರೆ ಬಾಗಿಲಿದೆ. ಅವಳು ಕೂದಲು ಕತ್ತರಿಸಿಕೊಂಡಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ಗೋಡೆಯಲ್ಲಿ ಅವಳ ಶಾಲೆಯ ಮಕ್ಕಳು ಬಣ್ಣ ಹಚ್ಚಿದ ಕಾಗದಗಳು. ಉಪ್ಪಿಟ್ಟು ಕೊಟ್ಟಳು. ನನ್ನ ಹೆಂಡತಿ ತಿಂದಳು, ನಾನು ಚಮಚದಿಂದ ಅದನ್ನು ಆಚೆ ಈಚೆ ಸರಿಸಿದೆ. ಮೇಜಿನ ಒಂದು ತುದಿಯಲ್ಲಿ ದಪ್ಪನೆಯ ಕಂದು ಲಕೋಟೆ.

"ಭಾವ, ನಂಗೆ ಉದ್ದಕ್ಕೆ ಬೇಡ," ಎಂದಳು. "ಎಲ್ಲರ ಬಾಯಲ್ಲೂ ಕೇಳಾಯ್ತು. ಒಂದೇ ಪ್ರಶ್ನೆ. ಅವರು ನಾನು ನೀರಲ್ಲಿರೋದನ್ನ ನೋಡಿ ಹಾಗಂದ್ರಾ, ನೋಡ್ದೆ ಅಂದ್ರಾ? ನೋಡಿ ಅಂದಿದ್ರೆ ಸೈನ್ ಮಾಡ್ತೀನಿ. ಅಂಥೋರ ಜೊತೆ ಒಂದೇ ಸೂರಲ್ಲಿ ಮಲಗೋಕಾಗಲ್ಲ ನಂಗೆ."

ನಾನು ಫೋಟೊ ತೋರಿಸಿದೆ. ಆಮೇಲೆ ಹೇಳಿದೆ. ನಾನು ಎಲ್ಲಿ ನಿಂತಿದ್ದೆ, ಅಲ್ಲಿಂದ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ. ಅವನು ಕೇಳಿದ ಒಂದು ಪದ, ನಾನು ಹೇಳಿದ ಮಾತು. ಇದು ನನಗೆ ಸ್ವಂತ ನೆನಪಿಲ್ಲ, ನಿಮ್ಮಕ್ಕ ಇವತ್ತು ಬೆಳಿಗ್ಗೆ ಹೇಳಿದ್ದು, ಆದರೆ ನಿಜ ಎಂದು ಒಪ್ಪುತ್ತೇನೆ ಎಂದೂ ಹೇಳಿದೆ. ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಬೇರೆಯವರ ಮನೆಗಳಲ್ಲಿ ಅರ್ಧ ಗಂಟೆ ಹೇಳುತ್ತಿದ್ದೆ.

ಅವಳು ಫೋನನ್ನು ತನ್ನ ಕಡೆ ಎಳೆದುಕೊಂಡು ತುಂಬಾ ಹೊತ್ತು ಆ ನೀಲಿ ಟವೆಲನ್ನು ನೋಡಿದಳು.

"ನಾನು 'ಬಂದೆ' ಅಂದಿದ್ದು ನಿಮಗೆ ಕೇಳಿಸ್ತಾ?"

"ಕೇಳಿಸ್ತು."

"ಅಂದ್ರೆ ನನ್ನ ಬಾಯಿಂದ್ಲೇ ಶುರು ಆಗಿದ್ದು." ನಕ್ಕಳು. ಅದು ಸಂತೋಷದ ನಗೆಯಲ್ಲ. "ಬಂಡೆ ಮೇಲೆ ಕೂತ್ಕೊಂಡು ನಾನೇನ್ ಯೋಚ್ನೆ ಮಾಡ್ತಿದ್ದೆ ಗೊತ್ತಾ ಭಾವ? ಮಾತ್ರೆ ಹುಡುಕ್ವಾಗ ನೆನಪಾಗ್ತೀನಿ ಅಂತ. ಅಲ್ಲಿವರೆಗೂ ಕಾಯ್ಬೇಕು ಅಂತ." ಫೋನನ್ನು ನನ್ನ ಕಡೆ ತಳ್ಳಿ, "ಮತ್ತೆ ಇಷ್ಟು ದಿನ ಎಲ್ಲರ ಹತ್ರಾನೂ ಅವರ ಹೆಸರು ಹೇಳ್ಕೊಂಡ್ ಬಂದ್ರಲ್ಲ," ಎಂದಳು. "ಪಾಟ್‌ಲಕ್ಕಲ್ಲಿ, ಬರ್ತ್‌ಡೇ ಪಾರ್ಟೀಲಿ. ನಂಗೆಲ್ಲಾ ಸುದ್ದಿ ಬರ್ತಿತ್ತು."

ನಾನು ಚಮಚ ಕೆಳಗಿಟ್ಟೆ. ನನ್ನ ಹೆಂಡತಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

ಅವಳು ತನ್ನ ಫೋನಿನಲ್ಲಿ ಗಂಡನಿಗೆ ಕರೆ ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಭಾವ ಅಕ್ಕ ಇಲ್ಲೇ ಇದ್ದಾರೆ ಎಂದು ಮೊದಲೇ ಹೇಳಿದಳು. ಆಮೇಲೆ ಕೇಳಿದಳು:

"ರೀ, ಆವತ್ತು ಭಾವ 'ಬಂದ್ಲು' ಅಂದಿದ್ದಕ್ಕೆ ನೀವು ಹಾಗಂದಿದ್ದಾ?"

ಆ ಕಡೆ ಟೀವಿಯ ಸದ್ದು ನಿಂತಿತು. "ಅವನು ಹೇಳಿದ್ನಾ?"

"ಹೇಳಿದ್ರು. ಈಗ. ನೀವ್ಯಾಕೆ ಹೇಳ್ಲಿಲ್ಲ ಒಂದೂವರೆ ವರ್ಷ?"

"ಹೇಳಿದ್ರೆ ನಂಬ್ತಿದ್ಯಾ? ಇನ್ನೊಬ್ರ ಮೇಲೆ ಹಾಕ್ತಿದಾರೆ ಅಂತಿದ್ದೆ."

"ಅಂತಿದ್ದೆನೋ ಏನೋ. ಆದ್ರೂ ಹೇಳ್ಬೇಕಿತ್ತು."

ಅವನು ನಿಧಾನವಾಗಿ ಹೇಳಿದ: "ಅವನೂ ತಿರುಗಿ ನೋಡ್ಲಿಲ್ಲ, ನಾನೂ ತಿರುಗಿ ನೋಡ್ಲಿಲ್ಲ ಕಣೇ. ಇಬ್ಬರಲ್ಲಿ ಗಂಡ ನಾನು. ಟವೆಲ್ ತೆಗ್ದು ಒಂದ್ಸಲ ಕತ್ತು ತಿರುಗ್ಸಿದ್ರೆ ಆಗ್ತಿತ್ತು. ಕೋಪ ಇತ್ತು, ತಿರುಗ್ಸಲಿಲ್ಲ. ಅದನ್ನ ಅವನ ಮೇಲೆ ಹೇಗೆ ಹಾಕ್ಲಿ?"

ಬೇಸ್‌ಮೆಂಟಿನ ಆ ಸಣ್ಣ ಕಿಟಕಿಯಿಂದ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಬರುತ್ತಿತ್ತು. ಅವಳು ಲಕೋಟೆಯನ್ನು ಎತ್ತಿ ಫ್ರಿಜ್ಜಿನ ಮೇಲಿಟ್ಟಳು. "ಇವತ್ತು ಸೈನ್ ಮಾಡಲ್ಲ," ಎಂದಳು, ಅವನಿಗೆ ಎಂದೋ ನಮಗೆ ಎಂದೋ ತಿಳಿಯಲಿಲ್ಲ. "ಹಾಗಂತ ಕ್ಯಾರಿಗೂ ಬರಲ್ಲ. ಸ್ಕೂಲ್ ಇದೆ ನಂಗೆ."

"ಬರ್ಬೇಡ," ಎಂದ ಅವನು. "ನಾನೇ ಬರ್ಲಾ? ಮುಂದಿನ ಶನಿವಾರ?"

"ಬಂದ್ಮೇಲೆ ಫೋನ್ ಮಾಡಿ. ಹೊರಟಾಗಲ್ಲ, ಬಾಗ್ಲಲ್ಲಿ ನಿಂತ್ಮೇಲೆ," ಎಂದು ಫೋನು ಇಟ್ಟಳು.

ಇದಾಗಿ ವರ್ಷದ ಮೇಲಾಯಿತು. ಅವಳು ಸೆಂಟರ್‌ವಿಲ್ಲಿನಲ್ಲೇ ಇದ್ದಾಳೆ. ತಿಂಗಳಿಗೊಂದೆರಡು ಸಲ ಶನಿವಾರ ಬೆಳಿಗ್ಗೆ ಅವನ ಕಾರು ಹೊರಡುತ್ತದೆ. ಅವರು ಏನು ಮಾತಾಡುತ್ತಾರೆಂದು ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ಉಳಿದಿಲ್ಲ. ಲಕೋಟೆ ಏನಾಯಿತೋ ಗೊತ್ತಿಲ್ಲ. ನಾನು ಕತೆ ಹೇಳಿದ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ ಹೇಳಿದ್ದು ತಪ್ಪು ಎಂದು ಹೇಳಿ ಬಂದೆ. ಕೆಲವರು ನಂಬಿದರು. ಒಬ್ಬರು, "ಫ್ರೆಂಡ್‌ನ ಬಿಟ್ಕೊಡಲ್ಲ ನೀವು, ಗ್ರೇಟ್," ಎಂದು ನನ್ನ ಭುಜ ತಟ್ಟಿದರು. ಹೇಗೆ ವಿವರಿಸಿದರೂ ಅವರು ಹಾಗೇ ತಿಳಿದರು. ಗೆಳೆಯ ಇಂಡಿಯನ್ ಗ್ರೋಸರಿಯಲ್ಲಿ ಒಮ್ಮೆ ಕೊತ್ತಂಬರಿ ಸೊಪ್ಪಿನ ಮುಂದೆ ಸಿಕ್ಕ. "ಏನೋ," ಎಂದ. "ಏನಿಲ್ಲ ಕಣೋ," ಎಂದೆ. ಇಬ್ಬರೂ ಅವರವರ ಕಟ್ಟು ಆರಿಸಿಕೊಂಡೆವು. ವಾಕಿಂಗಿಗೆ ಅವನು ಇನ್ನೂ ಬಂದಿಲ್ಲ.

ಇದನ್ನು ಬರೆಯುವಾಗಲೂ ಒಂದು ಅನುಮಾನ ಹೋಗಿಲ್ಲ, ಅದು ಈಗ ನನ್ನ ಮೇಲೆಯೇ ಇದೆ. ನಿಂತ ಜಾಗ ನೆನಪಿದೆ, ಕೈಯಲ್ಲಿ ಹಿಡಿದದ್ದು ನೆನಪಿದೆ, ಬೇರೆಯವನ ಬಾಯಿಂದ ಬಂದ ಎರಡು ಪದ ನೆನಪಿದೆ. ನನ್ನ ಬಾಯಿಂದ ಬಂದದ್ದು ಇಂದಿಗೂ ನೆನಪಿಗೆ ಬಂದಿಲ್ಲ. ಆದ್ದರಿಂದ ನನ್ನ ಮಾತೊಂದನ್ನೇ ನಂಬಬೇಡಿ.

ಹಾಲೆಂಡಿನ ವೃದ್ಧರು ಮರು ಚಳಿಗಾಲದಲ್ಲಿ ತೀರಿಕೊಂಡರು. ಅವರ ಹೆಂಡತಿ ನನ್ನ ಹೆಂಡತಿಗೆ ಇಮೇಲ್ ಬರೆದು ತಿಳಿಸಿದರು. ಆಕೆ ಇದ್ದಾರೆ, ಗೆಳೆಯ ತಲೆಯ ಮೇಲೆ ಟವೆಲ್ ಹೊದ್ದು ಕೂತಿದ್ದನ್ನು ಕಂಡಿದ್ದಾರೆ. ದೋಣಿಯವನೂ ಅವನ ತಂಗಿಯೂ ಇದ್ದಾರೆ, "ಶೀ ಕೇಮ್" ಎಂದದ್ದನ್ನು ಕೇಳಿದ್ದಾರೆ. ಇಂಗ್ಲೆಂಡಿನ ಆ ಐವರು ಚಿಕ್ಕವರು, ಎಲ್ಲೋ ಇರಲೇಬೇಕು. ನೀರಿನಿಂದ ದೋಣಿಯ ಬೆನ್ನನ್ನು ಕಂಡವಳು ಒಬ್ಬಳೇ, ಅವಳು ಇದ್ದಾಳೆ. ನಾನು "ಬಂದ್ಲು" ಎಂದದ್ದನ್ನು ಕೇಳಿ ಅರ್ಥ ಮಾಡಿಕೊಂಡವರು ಇಬ್ಬರು, ನನ್ನ ಹೆಂಡತಿ ಮತ್ತು ನನ್ನ ಗೆಳೆಯ. ಇಬ್ಬರೂ ಬದುಕಿದ್ದಾರೆ.